ಗೆರೆಯಿಲ್ಲದ ಮೇಜು

ನನ್ನ ಅಕ್ಕ ಟೇಬಲ್ ಟೆನ್ನಿಸ್ ಆಡುತ್ತಿದ್ದಳು. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಪಿಯುಸಿ ಓದುವಾಗ. ಅಲ್ಲಿನ ಮೇಜು ಊರಿನ ಬಡಗಿ ಮಾಡಿದ್ದು. ಅಳತೆ ಸರಿಯಿತ್ತು, ಹಸಿರು ಬಣ್ಣವಿತ್ತು. ನಡುವೆ ಉದ್ದಕ್ಕೆ ಬಿಳಿ ಗೆರೆ ಮಾತ್ರ ಇರಲಿಲ್ಲ. "ಅದು ಚಂದಕ್ಕ ಹಾಕೋದು" ಅಂದಿದ್ದರು ಪಿ.ಟಿ. ಮಾಸ್ತರು.

ಒಮ್ಮೆ ಟಿವಿಯಲ್ಲಿ ದೇಶದೇಶಗಳ ಚಾಂಪಿಯನ್‌ಶಿಪ್ಪಿನ ಮಹಿಳಾ ಡಬಲ್ಸ್ ಬಂತು. ಒಬ್ಬಳು ಹೊಡೆದು ಸರಿಯುತ್ತಾಳೆ, ಇನ್ನೊಬ್ಬಳು ನುಗ್ಗುತ್ತಾಳೆ. ಅಕ್ಕ ಮತ್ತು ಅವಳ ಗೆಳತಿ ಅದನ್ನು ನೋಡಿಯೇ ಕಲಿತರು. ಹುಡುಗರ ಜೋಡಿಗಳನ್ನೆಲ್ಲ ಸೋಲಿಸಿದರು. ಬಳ್ಳಾರಿಯ ಜಿಲ್ಲಾ ಪಂದ್ಯಕ್ಕೆ ಹೆಸರು ಹೋಯಿತು.

ಅಪ್ಪ ಒಂದೇ ಮಾತು ಹೇಳಿದ. "ಗೆದ್ರ ಮುಂದಕ್ಕ ಹೋಗು. ಸೋತ್ರ ಆಟ ಸಾಕು. ತಂಬ್ರಹಳ್ಳಿಯವ್ರಿಗೆ ಇನ್ನೆಷ್ಟು ದಿನ ತಡೀರಿ ಅನ್ಲಿ?"

ತಂಬ್ರಹಳ್ಳಿಯವರೆಂದರೆ ಅವ್ವನ ತಮ್ಮ. ಅಕ್ಕ ಹುಟ್ಟಿದಾಗಲೇ ಅವಳು ಅವನಿಗೆ ಅಂತ ಮಾತಾಗಿತ್ತು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಕೆಲಸವಿರಲಿಲ್ಲ. ಹುಡುಗಿಯರ ಜೊತೆಗೆ ನನ್ನನ್ನು ಕಳಿಸಿದರು.

ಬಳ್ಳಾರಿಯ ಮೇಜಿಗೆ ನಡುವೆ ಬಿಳಿ ಗೆರೆಯಿತ್ತು. ಅಕ್ಕ ಮೊದಲ ಸರ್ವಿಸ್ ಹಾಕಿದಳು. ಅಂಪೈರ್ ಪಾಯಿಂಟನ್ನು ಎದುರಿನವರಿಗೆ ಕೊಟ್ಟ. ಎರಡನೆಯದಕ್ಕೂ ಹಾಗೇ.

"ಚೆಂಡು ಮೇಜಿನ ಮ್ಯಾಲೇ ಬಿದ್ದೈತಲ್ರಿ ಸರ್!"

"ಬಿದ್ದೈತವ್ವ, ಗೆರಿ ಈಚಿಗೆ ಬಿದ್ದೈತಿ. ಡಬಲ್ಸ್‌ನಾಗ ನಿನ್ನ ಬಲಗಡಿಯಿಂದ ಅವ್ರ ಬಲಗಡಿಗೆ ಅಡ್ಡ ಹಾಕ್ಬೇಕು. ನಿಮ್ಮ ಮಾಸ್ತರು ಹೇಳಿಲ್ಲೇನು?"

ನಮ್ಮ ಮಾಸ್ತರು ಕಿಟಕಿಯ ಕಡೆ ನೋಡುತ್ತಿದ್ದರು.

ಸರ್ವಿಸ್ ಒಂದು ಬಿಟ್ಟರೆ ಉಳಿದ ಆಟವೆಲ್ಲ ನಮ್ಮವರದೇ. ಆದರೆ ಗೆರೆ ನೋಡಿ ಹಾಕಲು ಹೋದರೆ ಚೆಂಡು ನೆಟ್ಟಿಗೆ, ನೋಡದೆ ಹಾಕಿದರೆ ತಪ್ಪು ಕಡೆಗೆ. ಗೆಳತಿ ಅಳತೊಡಗಿದಳು. ಅಕ್ಕ ಅಳಲಿಲ್ಲ. ಸೋತರು.

ಬಸ್ಸಿನಲ್ಲಿ ಮಾಸ್ತರು ಮಂಡಕ್ಕಿ ತಿನ್ನುತ್ತ ಅಂದರು, "ಇರ್ಲಿ ಬಿಡವ್ವ, ಅನುಭವ ಆತು."

"ಯಾರಿಗ್ರಿ ಸರ್?" ಅಂದಳು ಅಕ್ಕ.

ಮನೆಯಲ್ಲಿ ಅವಳು ಅಪ್ಪನಿಗೆ ಗೆರೆಯ ವಿಷಯ ಬಿಡಿಸಿ ಹೇಳಲು ಹೋದಳು.

"ಅದೆಲ್ಲ ಬ್ಯಾಡ. ಗೆದ್ದಿಯೋ ಸೋತಿಯೋ?"

"ಸೋತ್ವಿ."

ಅಪ್ಪ ಚಪ್ಪಲಿ ಮೆಟ್ಟಿಕೊಂಡು ತಂಬ್ರಹಳ್ಳಿಗೆ ಹೊರಟ. ನಾನು, "ಇನ್ನೊಂದು ವರ್ಷ ಆಡ್ಲಿ ಬಿಡಪ್ಪ" ಅಂದೆ. "ನೀ ಬಾಯಿ ಮುಚ್ಚಲೇ" ಅಂದ.

ಮಾಸ್ತರು ಮದುವೆಗೂ ಬಂದರು. ಊಟ ಮುಗಿಸಿ, ಮದುಮಗನಾಗಿದ್ದ ಮಾವನ ಕೈ ಹಿಡಿದುಕೊಂಡು ಹೊಗಳಿದರು, "ನಿಮ್ಮ ಹುಡುಗಿ ಭಾಳ ಚಲೋ ಆಡ್ತಿದ್ಲು ನೋಡ್ರಿ."

"ಏನ್ ಆಡ್ತಿದ್ಲ್ರಿ ಸರ್, ಕುಂಟಬಿಲ್ಲಿನಾ?"

ಸುತ್ತ ನಿಂತವರು ನಕ್ಕರು. ಮಾಸ್ತರೂ ನಕ್ಕರು.