ಮುತ್ತುಸೆಲ್ವಿಗೆ ಒಪ್ಪಿದ ಕೈಗವಸು

ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಗಿನ ಜಾವ ಮುತ್ತುಸೆಲ್ವಿ ಹನುಮಂತನಪಟ್ಟಿಯ ತನ್ನ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡಳು. ಮೆದುಳಿನ ರಕ್ತನಾಳ ಒಡೆದಿತ್ತು ಎಂದು ವೈದ್ಯರು ಹೇಳಿದರು. ವಯಸ್ಸು ನಲವತ್ತೊಂದು. ಮನೆಯಲ್ಲಿ ತಾಯಿ ಪೊನ್ನಮ್ಮಾಳ್ ಒಬ್ಬರೇ ಇದ್ದರು.

ಸುದ್ದಿ ಬಂದಾಗ ಜೆಯಂತಿ ತೇನಿಯ ಗ್ರಂಥಾಲಯದ ಬಾಗಿಲು ತೆಗೆಯುತ್ತಿದ್ದಳು. ತೆಗೆದ ಬೀಗವನ್ನು ಮತ್ತೆ ಹಾಕಿ, ಕಂಬಂ ಕಡೆಯ ಬಸ್ಸು ಹತ್ತಿದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮುತ್ತುಸೆಲ್ವಿಯ ಅಂಗೈ ಆಗಿನಿಂದಲೇ ಬೆವರುತ್ತಿತ್ತು. ಪರೀಕ್ಷೆಯ ಹಾಳೆಯ ಮೇಲೆ ಅವಳ ಕೈ ಇಟ್ಟಲ್ಲೆಲ್ಲ ಶಾಯಿ ಹರಡುತ್ತಿತ್ತು. ಶಾಲೆಯ ವಾರ್ಷಿಕೋತ್ಸವದ ಕೋಲಾಟದಲ್ಲಿ ಕೋಲು ಅವಳ ಕೈಯಿಂದ ಜಾರಿ, ಮುಂದಿನ ಸಾಲಿನಲ್ಲಿ ಕೂತಿದ್ದ ಹೆಡ್‌ಮಾಸ್ಟರರ ಮಡಿಲಿಗೆ ಬಿದ್ದಿತ್ತು. ಆಮೇಲೆ ಕೋಲಾಟಕ್ಕೆ ಅವಳನ್ನು ಯಾರೂ ಕರೆಯಲಿಲ್ಲ. ಅವಳೂ ಬೇಸರಪಡಲಿಲ್ಲ, ಅಪ್ಪನ ಟ್ರ್ಯಾಕ್ಟರ್ ಓಡಿಸಲು ಕಲಿತಳು.

ಅಪ್ಪ ಹೋದ ಮೇಲೆ ದ್ರಾಕ್ಷಿ ತೋಟವನ್ನೂ ಹಣ್ಣು ಸಾಗಿಸುವ ಗಾಡಿಯನ್ನೂ ಅವಳೇ ನೋಡಿಕೊಂಡಳು. ವಾರಕ್ಕೆ ಕೆಲವು ಸಲ ಕ್ರೇಟು ತುಂಬಿಕೊಂಡು ದಿಂಡಿಗಲ್ ಮಾರುಕಟ್ಟೆಗೆ ಹೋಗುತ್ತಿದ್ದಳು. ಹಾಗೆ ಹೋಗಿ ಬರುವಾಗ ಒಂದು ದಿನ ಬತ್ತಲಗುಂಡಿನ ಆಚೆ ಪಾಳು ಹೊಲದಲ್ಲಿ ಧೂಳೆಬ್ಬಿಸಿಕೊಂಡು ಕಾರುಗಳು ತಿರುಗುವುದನ್ನು ಕಂಡಳು. ಹವ್ಯಾಸಿಗಳ ಓಟ ಅದು. ಹಳೆ ಟೈರುಗಳನ್ನು ಪೇರಿಸಿ ತಿರುವು ಮಾಡಿರುತ್ತಾರೆ. ಒಂದೊಂದೇ ಕಾರು ಒಳಗೆ ಹೋಗಿ, ಟೈರಿಗೆ ತಾಗದೆ, ಎಷ್ಟು ಬೇಗ ಹೊರಬರುತ್ತದೆ ಎಂದು ನೋಡುತ್ತಾರೆ. ಮುಂದಿನ ವರ್ಷ ಅವಳೂ ಒಂದು ಹಳೆ ಮಾರುತಿ 800 ಕೊಂಡು ಹೆಸರು ಕೊಟ್ಟಳು.

ಮಾರುತಿಯ ಸ್ಟೀರಿಂಗ್ ಬಿಗಿ. ಗಾಡಿಯಲ್ಲಾದರೆ ನಿಧಾನವಾಗಿ ತಿರುಗಿಸಿದರೂ ನಡೆಯುತ್ತಿತ್ತು. ಇಲ್ಲಿ ಒಂದು ತಿರುವಿನಿಂದ ಇನ್ನೊಂದಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ತಿರುಗಿಸಬೇಕು. ಆ ಮೊದಲ ಓಟದ ಕೊನೆಯ ತಿರುವಿನಲ್ಲಿ ಒದ್ದೆ ಅಂಗೈಯಿಂದ ಸ್ಟೀರಿಂಗ್ ಚಕ್ರ ಜಾರಿ, ಕಾರು ಟೈರಿನ ರಾಶಿಗೆ ನುಗ್ಗಿತು. ರಾಶಿಯ ಹಿಂದೆ ಬಾವುಟ ಹಿಡಿದು ನಿಂತಿದ್ದವನು ಹಾರಿ ತಪ್ಪಿಸಿಕೊಂಡ. ಓಟ ನಡೆಸುವ ದುರೈ ಬೈಯಲಿಲ್ಲ. ಅವಳ ಕೈ ತಿರುಗಿಸಿ ಅಂಗೈ ನೋಡಿ, ಬರುವ ವರ್ಷ ಜಾರದ ಕೈಗವಸು ಹಾಕಿಕೊಂಡು ಬಂದರೆ ಮಾತ್ರ ಒಳಗೆ ಬಿಡುತ್ತೇನೆ, ಇಲ್ಲದಿದ್ದರೆ ಹೊರಗೆ ಕೂತು ನೋಡು ಎಂದರು. ನ್ಯಾಯವಾದ ಮಾತು. ಮುತ್ತುಸೆಲ್ವಿ ವಾರವಿಡೀ ಸರಿಯಾಗಿ ಊಟ ಮಾಡಲಿಲ್ಲ.

ಹುಡುಕಾಟ ಅಲ್ಲಿಂದ ಶುರುವಾಯಿತು. ಓಟಕ್ಕೆಂದೇ ಮಾಡಿದ ಕೈಗವಸನ್ನು ಜೆಯಂತಿ ಫೋನಿನಲ್ಲಿ ತೋರಿಸಿದಳು. ಆ ಬೆಲೆಗೆ ಮಾರುತಿಗೆ ಎರಡು ಹೊಸ ಟೈರು ಬರುತ್ತಿತ್ತು. ಅಳತೆಯೋ ಗಂಡಸರ ಕೈಯದು. ಬಳ್ಳಿ ಕತ್ತರಿಸುವಾಗ ಹಾಕುವ, ರಬ್ಬರ್ ಚುಕ್ಕಿಯ ಬಟ್ಟೆ ಗವಸು ಮನೆಯಲ್ಲೇ ಇತ್ತು. ಬೆವರು ಕುಡಿದು ಅದು ಒದ್ದೆ ಬಟ್ಟೆಯಾಯಿತು. ಬೈಕಿನವರ ಗವಸಿನ ಅಂಗೈಯಲ್ಲಿ ಮೆತ್ತೆ ಇರುತ್ತದೆ, ಚಕ್ರ ಹಿಡಿದಿದ್ದೇವೋ ಇಲ್ಲವೋ ಗೊತ್ತೇ ಆಗುವುದಿಲ್ಲ. ತೋಟಕ್ಕೆ ಔಷಧಿ ಹೊಡೆಯುವಾಗಿನ ರಬ್ಬರ್ ಗವಸು ಹಾಕಿ ಓಡಿಸಿದ ದಿನ, ಅದನ್ನು ಕಳಚಿ ಬಗ್ಗಿಸಿದರೆ ಬೆವರು ತೊಟ್ಟಿಕ್ಕಿತು. ಪಕ್ಕದಲ್ಲಿ ಕೂತಿದ್ದ ಜೆಯಂತಿಗೆ ನಗು ತಡೆಯಲಾಗಲಿಲ್ಲ.

"ನಗು ಡೀ, ನಗು. ನಿನ್ನ ಕೈ ಒಣಗಿದ ಹುಣಸೆ ಸಿಪ್ಪೆ. ನಿಂಗೇನ್ ತಿಳೀತದೆ," ಎಂದಳು ಮುತ್ತುಸೆಲ್ವಿ. ಆಮೇಲೆ ಅವಳೂ ನಕ್ಕಳು.

ಕೊನೆಗೆ ದಿಂಡಿಗಲ್‌ನಲ್ಲಿ, ಬೀಗದ ಅಂಗಡಿಗಳ ಸಾಲಿನ ಕೊನೆಗೆ, ರಸ್ತೆಬದಿಯ ರಾಶಿಯೊಂದರಲ್ಲಿ ತೆಳುವಾದ ಚರ್ಮದ ಗವಸು ಸಿಕ್ಕಿತು. ಅಗ್ಗವಾಗಿತ್ತು. ಕೈಗೆ ಅಂಟಿಕೊಂಡಂತೆ ಕೂತಿತು. ಊರಿಗೆ ಬರುವ ದಾರಿಯುದ್ದಕ್ಕೂ ಅವಳು ಹಾಡಿಕೊಂಡೇ ಬಂದಳು. ತೋಟದ ಹಿಂದಿನ ಬಯಲಿನಲ್ಲಿ ಮಾರುತಿಯನ್ನು ಎಂಟರ ಆಕಾರದಲ್ಲಿ ಸುತ್ತಿಸಿದಳು. ಚಕ್ರ ಒಮ್ಮೆಯೂ ಜಾರಲಿಲ್ಲ.

ಆ ಸಂಜೆ ಗವಸು ಜಗಲಿಯ ಮೇಲಿತ್ತು. ಪೊನ್ನಮ್ಮಾಳ್ ಅದನ್ನು ಎತ್ತಿ ಬೆರಳಿನಿಂದ ತಿಕ್ಕಿ ನೋಡಿ, ಕೆಳಗಿಟ್ಟು, ಕೈ ತೊಳೆದುಕೊಂಡು ಬಂದರು.

"ಇದು ಆಡಿಂದಲ್ಲ ಕಣವ್ವ. ಹಸುವಿಂದು ಇದ್ದಂಗೈತೆ."

ತಮಿಳು ಸೀಮೆಯಲ್ಲಿದ್ದೂ ಮನೆಯಲ್ಲಿ ಕನ್ನಡವಾಡುವ ಅವರ ಕುಲದವರದು ಒಂದು ದೊಡ್ಡಿಯಿದೆ. ದೇವರಿಗೆ ಬಿಟ್ಟ ಹಸುಗಳನ್ನು ಅಲ್ಲಿ ಸಾಕುತ್ತಾರೆ. ಅವನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನೆಯವರು ಸತ್ತಂತೆ ಮಣ್ಣು ಮಾಡುತ್ತಾರೆ. ಪೊನ್ನಮ್ಮಾಳ್ ಮದುವೆಯಾಗಿ ಬಂದಂದಿನಿಂದ ಸರದಿಯಂತೆ ಆ ದೊಡ್ಡಿಗೆ ಹೋಗಿ ಸಗಣಿ ಬಾಚಿದವರು; ಮಗಳೂ ಹೋಗುತ್ತಿದ್ದಳು. ಆ ಮನೆಯಲ್ಲಿ ಯಾರೂ ಹಸುವಿನ ಚರ್ಮದ ಚಪ್ಪಲಿ ಮೆಟ್ಟುವುದಿಲ್ಲ. ದಿಂಡಿಗಲ್ ಎಂದರೆ ಆಡಿನ ತೊಗಲು ಹದ ಮಾಡುವ ಊರು ಎಂದು ಚಿಕ್ಕಂದಿನಿಂದ ಕೇಳಿದ್ದ ಮುತ್ತುಸೆಲ್ವಿಗೆ, ಅಲ್ಲಿ ಬೇರೆ ತೊಗಲಿನ ಗವಸೂ ಇರಬಹುದು ಎಂದು ಹೊಳೆದೇ ಇರಲಿಲ್ಲ.

ಜೆಯಂತಿ ಅವಳ ಪರ ವಾದಿಸಿದಳು. ಮನೆಯೊಳಗೆ ತರಬೇಡ, ಕಾರಿನಲ್ಲೇ ಇರಲಿ, ಓಟದ ದಿನ ಮಾತ್ರ ಹಾಕಿಕೋ, ಯಾರು ಕೇಳುತ್ತಾರೆ ಎಂದಳು.

ಮುತ್ತುಸೆಲ್ವಿ ಗವಸನ್ನು ಮಡಚಿ ಕೆಳಗಿಟ್ಟಳು. "ಗವಸು ಕಾರಲ್ಲಿ ಇರ್ತದೆ, ಸರಿ. ಕೈ? ಅದೇ ಕೈಯಲ್ಲಿ ನಾಳೆ ದೊಡ್ಡಿಗೋಗಿ ಕರು ಕತ್ತು ತಡವಬೇಕಲ್ಲ ಡೀ."

ಆದರೂ ಅವ್ವನ ಅನುಮಾನ ತಪ್ಪಿರಲಿ ಎಂಬ ಆಸೆ ಅವಳಿಗಿತ್ತು. ಮುಂದಿನ ಲೋಡಿನ ದಿನ ಜೆಯಂತಿಯನ್ನೂ ಕರೆದುಕೊಂಡು ದಿಂಡಿಗಲ್‌ಗೆ ಹೋಗಿ, ಚರ್ಮ ಹದ ಮಾಡುವ ಕಾರ್ಖಾನೆಗಳ ಬೀದಿಯಲ್ಲಿ ವಿಚಾರಿಸಿದಳು. ಕೈಗವಸು ಹೊಲಿಯುವ ಪಾಂಡಿ ಎಂಬಾತನನ್ನು ತೋರಿಸಿದರು. ಅವನು ಗವಸಿನ ಒಳಮಗ್ಗುಲನ್ನು ಹೊರಗೆ ಮಾಡಿ ನೋಡಿ, ಹಸುವಿನದೇ ಎಂದ. ಮುತ್ತುಸೆಲ್ವಿಯ ಮುಖ ಬಾಡಿದ್ದು ಕಂಡು, ಯಾಕೆಂದು ಕೇಳಿದ. ಅವಳು ತಮಿಳಿನಲ್ಲಿ ಎಲ್ಲವನ್ನೂ ಹೇಳಿದಳು: ಬೆವರು, ಟೈರಿನ ರಾಶಿ, ದುರೈ, ದೊಡ್ಡಿ. ಪಾಂಡಿ ನಗಲಿಲ್ಲ. ಹೊರದೇಶಕ್ಕೆ ಹೋಗುವ ಗವಸು ಕತ್ತರಿಸಿದ ಮೇಲೆ ಆಡಿನ ತೊಗಲಿನ ತುಂಡುಗಳು ಮೂಟೆಗಟ್ಟಲೆ ಉಳಿಯುತ್ತವೆ, ಅದರಲ್ಲಿ ಹೊಲಿದುಕೊಡುತ್ತೇನೆ, ಕೂಲಿಯಷ್ಟೇ ಸಾಕು ತಂಗಚ್ಚಿ ಎಂದ. ಅವಳ ಕೈಯನ್ನು ರಟ್ಟಿನ ಮೇಲೆ ಇಡಿಸಿ ಗೆರೆ ಎಳೆದ. ಕೈ ಎತ್ತಿದಾಗ ರಟ್ಟು ಒದ್ದೆಯಾಗಿತ್ತು. ಅವಳು ನಾಚಿಕೊಂಡಳು. ಅವನು ಅದನ್ನು ಬಿಸಿಲಿಗೆ ಇಟ್ಟು, ಬೇರೆ ಮಾತಾಡಿದ.

ಹದಿನೈದು ದಿನಕ್ಕೆ ಗವಸು ಬಂತು. ಬೂದಿ ಬಣ್ಣ, ಅಲ್ಲಲ್ಲಿ ಕಂದು ತುಂಡು. ಅಂಗೈಗೆ ತೊಗಲಿನ ಒರಟು ಮಗ್ಗುಲನ್ನು ಹೊರಗೆ ಮಾಡಿ ಹೊಲಿದಿದ್ದ. ಆದರೆ ಬಯಲಿಗೆ ಹೋಗಿ ಓಡಿಸಿದರೆ ಮತ್ತೆ ಅದೇ ಕತೆ. ಗವಸು ಚಕ್ರವನ್ನು ಬಿಡದೆ ಹಿಡಿಯುತ್ತಿತ್ತು, ಗವಸಿನೊಳಗೆ ಅವಳ ಕೈ ಜಾರುತ್ತಿತ್ತು. ಮೆತ್ತಗಿರಲಿ ಎಂದು ಪಾಂಡಿ ರೂಢಿಯಂತೆ ಒಳಗೆ ಬಟ್ಟೆಯ ಅಸ್ತರಿ ಕೊಟ್ಟಿದ್ದ. ಬೆವರಿಗೆ ಅದು ನೆನೆದು ತಿರುಚಿಕೊಳ್ಳುತ್ತಿತ್ತು. ಓಟಕ್ಕೆ ಎರಡೇ ದಿನ ಉಳಿದಿತ್ತು. ಮುತ್ತುಸೆಲ್ವಿ ಗವಸು ಕಳಚಿ ಜಗಲಿಯ ಮೇಲೆ ಎಸೆದು, ತೋಟಕ್ಕೆ ಹೊರಟುಹೋದಳು.

ಸಂಜೆ ಜೆಯಂತಿ ಬಂದಾಗ ಪೊನ್ನಮ್ಮಾಳ್ ಬಾಗಿಲ ಬೆಳಕಿಗೆ ಕೂತು, ಅರ್ಧ ಬ್ಲೇಡು ಹಿಡಿದು, ಅಸ್ತರಿಯ ಹೊಲಿಗೆಯನ್ನು ಒಂದೊಂದೇ ಬಿಚ್ಚುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ತಾನು ಬಿಚ್ಚುತ್ತೇನೆ ಕೊಡಿ ಎಂದಳು ಜೆಯಂತಿ.

"ಬ್ಯಾಡ. ಅಂಗೈಗೆ ಸರಿಯಾಗಿ ಕೂತದ್ದನ್ನ ಬ್ಯಾಡ ಅಂದೋಳು ನಾನು. ಇದನ್ನ ಬಿಚ್ಚೋಳೂ ನಾನೇ ಆಗ್ಲಿ."

ಆಮೇಲೆ, ತಲೆಯೆತ್ತದೆ, ಆ ಚಕ್ರದಲ್ಲಿ ಅಂಥದ್ದೇನಿದೆ ಎಂದು ಕೇಳಿದರು. ನೀವೇ ಒಂದು ಸಲ ಬಂದು ನೋಡಿ ಎಂದಳು ಜೆಯಂತಿ.

ಓಟದ ದಿನ ಪೊನ್ನಮ್ಮಾಳ್ ಬಂದರು, ಮೊಸರನ್ನದ ಡಬ್ಬಿ ಹಿಡಿದುಕೊಂಡು. ದುರೈ ಗವಸಿನ ಅಂಗೈಯ ಮೇಲೆ ಹೆಬ್ಬೆರಳು ಒತ್ತಿ ಎಳೆದು ನೋಡಿ, ಹೋಗು ಎಂದು ತಲೆಯಾಡಿಸಿದರು. ಮಾರುತಿ ಧೂಳಿನಲ್ಲಿ ಮುಳುಗಿತು. ಮೊದಲ ತಿರುವು, ಎರಡನೆಯದು, ಹಿಂದಿನ ವರ್ಷ ಜಾರಿದ ಆ ಕೊನೆಯದು. ಜೆಯಂತಿ ಕಣ್ಣು ಮುಚ್ಚಿಕೊಂಡಿದ್ದಳು. ಕಾರು ದಾಟಿಹೋದ ಗಾಳಿ ಮುಖಕ್ಕೆ ಬಡಿದ ಮೇಲೆ ತೆರೆದಳು. ಟೈರುಗಳು ಇದ್ದಲ್ಲೇ ಇದ್ದವು. ಹೆಂಗಸರ ಗುಂಪಿನಲ್ಲಿ ಮುತ್ತುಸೆಲ್ವಿಗೆ ಬಂದದ್ದು ಐದನೆಯ ಸ್ಥಾನ. ಓಡಿದವರು ಏಳು ಜನ. ಅವಳು ಇಳಿದು ಬಂದು ಗವಸು ಕಳಚಿ, ಅಂಗೈ ಚಾಚಿ ಅವ್ವನಿಗೆ ತೋರಿಸಿದಳು. ಕೈ ಎಂದಿನಂತೆ ಬೆವರಿತ್ತು. ಪೊನ್ನಮ್ಮಾಳ್ ಸೆರಗಿನಿಂದ ಒರೆಸಿ, ಅದರ ಮೇಲೆ ಮೊಸರನ್ನ ಇಟ್ಟರು.

ಊರಿಗೆ ಮರಳುವಾಗ ಬತ್ತಲಗುಂಡಿನಿಂದ ಮುತ್ತುಸೆಲ್ವಿ ಪಾಂಡಿಗೆ ಫೋನು ಮಾಡಿದಳು. ಐದನೆಯ ಸ್ಥಾನ ಎಂದು ಕೇಳಿ ಅವನು ತನ್ನ ಕಾರ್ಖಾನೆಯವರಿಗೆಲ್ಲ ಕೂಗಿ ಹೇಳಿದ್ದು ಫೋನಿನಲ್ಲೇ ಕೇಳಿಸಿತು. ಅಸ್ತರಿ ಬಿಚ್ಚಿದ್ದನ್ನು ಹೇಳಿದಾಗ, ಹಾಗಾದರೆ ಇನ್ನೊಂದು ಜೊತೆಯನ್ನು ಅಸ್ತರಿ ಇಲ್ಲದೆ ಹೊಲಿಯುತ್ತೇನೆ ಎಂದ.

ಆ ಓಟ ನಡೆದದ್ದು ಈ ಫೆಬ್ರವರಿಯಲ್ಲಿ. ಒಂದು ತಿಂಗಳು ಮುಂಚೆ ತೀರಿಕೊಂಡಿದ್ದರೆ ಅವಳು ಅದನ್ನು ಮುಗಿಸದೆ ಹೋಗುತ್ತಿದ್ದಳು. ಮುಗಿಸಿದಳು, ಅದನ್ನು ನೋಡಲು ತಾನು ಅಲ್ಲಿದ್ದೆ ಎಂಬುದಕ್ಕೆ ಜೆಯಂತಿ ಯಾರಿಗೆ ಕೈಮುಗಿಯಬೇಕೋ ತಿಳಿಯದೆ ಎಲ್ಲರಿಗೂ ಮುಗಿಯುತ್ತಾಳೆ: ಒಳಗೆ ಬಿಡುವುದಿಲ್ಲ ಎಂದ ದುರೈಗೆ, ಒದ್ದೆ ರಟ್ಟನ್ನು ಕಂಡೂ ಕಾಣದವನಂತಿದ್ದ ಪಾಂಡಿಗೆ, ಅಸ್ತರಿ ಬಿಚ್ಚಿದ ಪೊನ್ನಮ್ಮಾಳಿಗೆ.

ಮುತ್ತುಸೆಲ್ವಿ ತೀರಿಕೊಂಡದ್ದರ ಹಿಂದಿನ ದಿನ, ಭಾನುವಾರ, ಜೆಯಂತಿ ಹನುಮಂತನಪಟ್ಟಿಯಲ್ಲೇ ಇದ್ದಳು. ಸಂಜೆ ಪೊನ್ನಮ್ಮಾಳ್ ತಾವಾಗಿಯೇ ಮಾರುತಿಯ ಬಾಗಿಲು ತೆಗೆದು, ಸೀರೆ ಒಟ್ಟುಮಾಡಿಕೊಂಡು, ಸ್ಟೀರಿಂಗ್ ಮುಂದೆ ಕೂತರು. ಎಲ್ಲಿ ಒತ್ತಬೇಕು ಹೇಳು ಎಂದರು. ಮುತ್ತುಸೆಲ್ವಿ ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ಜೆಯಂತಿ ಹಿಂದಿನ ಸೀಟಿನಲ್ಲಿದ್ದಳು. ಹಣ್ಣು ತುಂಬುವ ಅಂಗಳದಲ್ಲಿ ಕಾರು ಕುಲುಕಿ ಕುಲುಕಿ ಬೇವಿನ ಮರದವರೆಗೆ ಹೋಗಿ ನಿಂತುಹೋಯಿತು. ತಿರುಗಿಸಲು ಜಾಗವಿರಲಿಲ್ಲ, ಅಂಗಳದ ತುಂಬ ಕ್ರೇಟುಗಳಿದ್ದವು. ಬೆಳಕೂ ಹೋಗಿತ್ತು. ನಾಳೆ ತಿರುಗಿಸೋದು ಕಲಿಸು ಎಂದು ಪೊನ್ನಮ್ಮಾಳ್ ಇಳಿದರು. ಜೆಯಂತಿ ತೇನಿಯ ಬಸ್ಸು ಹಿಡಿದಳು. ಮುಂದಿನದನ್ನು ಪೊನ್ನಮ್ಮಾಳ್ ಹೇಳಿದರು. ಊಟವಾದ ಮೇಲೆ ಮುತ್ತುಸೆಲ್ವಿ ಹೊರಗೆ ಹೋಗಿ, ಬೆಳಿಗ್ಗೆ ಅವ್ವ ಕಾರು ತಿರುಗಿಸಲು ಜಾಗವಾಗಲೆಂದು, ಅಂಗಳದ ಕ್ರೇಟುಗಳನ್ನೆಲ್ಲ ಗೋಡೆಯ ಬದಿಗೆ ಸರಿಸಿಟ್ಟಳು.