ಕೀಲಿ ಹಾಕಿದ್ದ ಬಾಗಿಲು

ಮನೆ ಕಟ್ಟುವುದು ಊರಿಗೆ ತೋರಿಸಲಿಕ್ಕೆ ಎಂದುಕೊಂಡವರೊಡನೆ ನಾನು ಜೀವಮಾನವೆಲ್ಲ ಜಗಳವಾಡಿದ್ದೇನೆ. ಈಗಲೂ ಆಡುತ್ತೇನೆ. ಮೊದಲ ಜಗಳ ಗಂಡನ ಅಣ್ಣನ ಜೊತೆ, ಭಾಲ್ಕಿಯ ನಮ್ಮ ಅಂಗಳದಲ್ಲಿ, ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮರುವರ್ಷದ ಬೇಸಿಗೆಯಲ್ಲಿ.

ಅದರ ಹಿಂದಿನ ಮಳೆಗಾಲ ನಾವು ಊರಲ್ಲಿರಲಿಲ್ಲ. ರಜಾಕಾರರ ಹಾವಳಿಗೆ ಹೆದರಿ ಸೊಲ್ಲಾಪುರದ ಕಡೆ ನೆಂಟರ ಮನೆ ಸೇರಿದ್ದೆವು. ನಮ್ಮದು ಮಣ್ಣಿನ ಮಾಳಿಗೆ, ತೊಲೆಗಳ ಮೇಲೆ ಮಣ್ಣು ಹಾಸಿದ ಮಟ್ಟಸ ಚಾವಣಿ. ಪ್ರತಿವರ್ಷ ಮಳೆಗೆ ಮುಂಚೆ ಬಿಳಿ ಮಣ್ಣು ಹೊದಿಸಿ ಬಡಿಯದಿದ್ದರೆ ಅದು ಉಳಿಯುವುದಿಲ್ಲ. ಆ ವರ್ಷ ಬಡಿಯುವವರಿರಲಿಲ್ಲ. ತಿರುಗಿ ಬಂದಾಗ ಮುಂದಿನ ಗೋಡೆ ಬಾಗಿಲ ಸಮೇತ ಕುಸಿದಿತ್ತು, ತೊಲೆಗಳು ಕೊಳೆತಿದ್ದವು. ಚಳಿಗಾಲವನ್ನು ಹೇಗೋ ದೂಡಿದೆವು. ಆದರೆ ನಾನು ಬಸುರಿ. ಔರಾದದ ತವರಿನಲ್ಲಿ ತಾಯಿಯಿಲ್ಲ; ಹೆರಿಗೆ ಇಲ್ಲೇ ಆಗಬೇಕು, ಅದೂ ಮಳೆಗಾಲದಲ್ಲಿ. ನನಗೆ ಬೇಕಾಗಿದ್ದದ್ದು ಸೋರದ ಒಂದು ಕೋಣೆ, ಅಷ್ಟೇ.

ಭಾವನವರು ಬೀದರಿನ ಕಚೇರಿಯಲ್ಲಿದ್ದರು. ಅವರ ತಲೆಯಲ್ಲಿದ್ದದ್ದು ಎರಡಂತಸ್ತಿನ ಮನೆ, ಬೀದಿಗೆ ಮುಖ ಮಾಡಿದ ಕಮಾನು, ಮೇಲೊಂದು ಸಜ್ಜಾ. "ಈಗ ರಾಜ್ಯ ನಮ್ದದ. ಮಂದಿ ನಿಂತು ನೋಡ್ಬೇಕು, ಹಂಗ ಕಟ್ಟೂನು," ಎನ್ನುತ್ತಿದ್ದರು. ಪಾಯ ಎರಡಂತಸ್ತು ಹೊರುತ್ತದೋ ಇಲ್ಲವೋ ಎಂದು ಒಮ್ಮೆಯೂ ಬಗ್ಗಿ ನೋಡಿದವರಲ್ಲ. ಮೇಲೆ ಥಳಕು, ಒಳಗೆ ಹುಳುಕು. ನನ್ನ ಗಂಡ ಅಣ್ಣನೆದುರು ಬಾಯಿ ಬಿಡುವ ಪೈಕಿ ಅಲ್ಲ. ಅತ್ತೆ ಹಿರಿಯ ಮಗನ ಮಾತಿಗೆ ತಲೆಯಾಡಿಸುತ್ತಿದ್ದರು, ಅವನು ಅತ್ತ ಹೋದಮೇಲೆ ನನ್ನ ಮಾತಿಗೆ ತಲೆಯಾಡಿಸುತ್ತಿದ್ದರು.

ಒಂದು ಮುಂಜಾನೆ ಭಾವನವರು ಚಕ್ಕಡಿಯ ಜೊತೆ ಬಂದಿಳಿದರು. ಚಕ್ಕಡಿಯಲ್ಲಿ ಸಾಗುವಾನಿ ಬಾಗಿಲು, ಚೌಕಟ್ಟಿನ ಸಮೇತ. ಬಳ್ಳಿ ಕೊರೆದ ಹಲಗೆಗಳು, ಹಸಿರು ಬಣ್ಣ, ತುಳಿದು ತುಳಿದು ನಡುವೆ ಸವೆದ ಹೊಸ್ತಿಲು. ಚಿಲಕಕ್ಕೆ ಕೀಲಿ ಹಾಕಿದ್ದು ಹಾಕಿದಂತೆಯೇ ಇತ್ತು. ಬಾಗಿಲು ತೆರೆಯುವ ಗೋಜಿಗೇ ಹೋಗದೆ ಇಡೀ ಚೌಕಟ್ಟನ್ನೇ ಗೋಡೆಯಿಂದ ಕಿತ್ತಿದ್ದರು.

ನನಗೆ ಗುರುತು ಸಿಕ್ಕಿತು. ಅದು ಹಿಂದಿನ ಓಣಿಯ ಬಳೆಗಾರ್ತಿಯ ಮನೆ ಬಾಗಿಲು. ಆಕೆಯನ್ನು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು. ಮದುವೆಯಾಗಿ ಬಂದ ವರ್ಷ ಆ ಹೊಸ್ತಿಲ ಮೇಲೆ ಕೂತೇ ಬಳೆ ಇಡಿಸಿಕೊಂಡಿದ್ದೆ. ಆಕ್ಷನ್ ಆದಮೇಲೆ ಮುಸಲ್ಮಾನರ ಮೇಲೆ ಎದ್ದ ಗಲಾಟೆಯಲ್ಲಿ ಆಕೆಯೂ ಗಂಡನೂ ಊರು ಬಿಟ್ಟಿದ್ದರು.

"ಮನಿ ಖಾಲಿ ಬಿದ್ದಾದ ತಂಗಿ. ನಾವು ಒಯ್ಯಲಿಲ್ಲಂದ್ರ ಮತ್ತೊಬ್ರು ಒಯ್ತಾರ," ಎಂದರು ಭಾವನವರು.

"ಖಾಲಿ ಬಿಟ್ಟು ಹೋಗ್ಯಾರ ಅಂತ ಯಾರ್ ಹೇಳಿದ್ರು ನಿಮಗ? ಕೀಲಿ ಹಾಕಿ ಹೋದವ್ರು ತಿರುಗಿ ಬರ್ತಾರ್ರಿ. ನಾವೂ ಕೀಲಿ ಹಾಕೇ ಹೋಗಿದ್ವಿ."

ಅವರು ನನ್ನತ್ತ ನೋಡಲೂ ಇಲ್ಲ. ಮುಂದಿನ ಗೋಡೆ ಕಟ್ಟುತ್ತಿದ್ದ ಗೌಂಡಿಗೆ ಕೈಸನ್ನೆ ಮಾಡಿದರು. ಆದರೆ ನಮ್ಮಲ್ಲಿ ಬಾಗಿಲು ಕೂಡ್ರಿಸುವಾಗ ಮನೆಯ ಮುತ್ತೈದೆ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚದೆ ಗೌಂಡಿ ಕಲ್ಲು ಮುಟ್ಟುವುದಿಲ್ಲ. ಅತ್ತೆ ವಿಧವೆ. ಆ ಮನೆಗೆ ಇದ್ದವಳು ನಾನೊಬ್ಬಳೇ ಮುತ್ತೈದೆ. ಅತ್ತೆ ತಂದುಕೊಟ್ಟ ಅರಿಶಿನದ ಬಟ್ಟಲು ನನ್ನ ಕೈಯಲ್ಲಿತ್ತು. ನಾನು ಅದನ್ನು ಒಳಗಿಟ್ಟು ಬಂದೆ.

"ನಾ ಹಚ್ಚಂಗಿಲ್ರಿ."

"ಹಂಗಾದ್ರ ನನ್ನ ಹೆಂಡ್ತಿನ್ನ ಕರಸ್ತೇನಿ."

"ಕರಸ್ರಿ. ನಾಳಿಂದ ದಿನಾ ಹೊಸ್ತಿಲ ಪೂಜಾಕ್ಕೂ ಬೀದರಿಂದ ಆಕಿನೇ ಬರ್ಲಿ."

ಗೌಂಡಿ ನಕ್ಕುಬಿಟ್ಟ. ಭಾವನವರ ಮುಖ ಕೆಂಪಾಯಿತು. ಆಗ ಯಾವತ್ತೂ ಮಾತಾಡದ ನನ್ನ ಗಂಡ ಎದ್ದು, ಬಿಚ್ಚಿದ್ದ ಎತ್ತುಗಳನ್ನು ಮತ್ತೆ ಚಕ್ಕಡಿಗೆ ಹೂಡಿದರು. ಅವತ್ತು ಅವರ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಹೇಳಲಿಕ್ಕೆ ಈಗಲೂ ನಾಚಿಕೆ. ಗೌಂಡಿಯನ್ನು ಕರೆದುಕೊಂಡು ಹೋಗಿ ಆ ಬಾಗಿಲನ್ನು ಅದರ ಗೋಡೆಯಲ್ಲೇ ಕೂಡ್ರಿಸಿ ಬಂದರು. ಖಾಲಾಳ ಮನೆಯ ಮಾಳಿಗೆಯನ್ನು ಯಾರೋ ಆಗಲೇ ಕಿತ್ತು ತೊಲೆ ಒಯ್ದಿದ್ದರು. ಮೇಲೆ ಆಕಾಶ, ಮುಂದೆ ಕೀಲಿ ಹಾಕಿದ ಬಾಗಿಲು. ಓಣಿಯ ಜನ ಬಿದ್ದು ಬಿದ್ದು ನಕ್ಕರು. ನಗಲಿ ಎಂದೆ.

ಭಾವನವರು ಸಿಟ್ಟಾಗಿ ಬೀದರಿಗೆ ಹೋದರು, ಕೊಡುತ್ತೇನೆಂದಿದ್ದ ಮರಮುಟ್ಟೂ ಅವರ ಸಿಟ್ಟಿನ ಜೊತೆಗೇ ಹೋಯಿತು. ಉಳಿದದ್ದರಲ್ಲಿ ಎರಡಂತಸ್ತು ಹಾಗಿರಲಿ, ಇದ್ದ ಮನೆಯನ್ನೂ ಪೂರ್ತಿ ನಿಲ್ಲಿಸಲಾಗುತ್ತಿರಲಿಲ್ಲ. ಒಂದೇ ಕೋಣೆ, ಆದರೆ ಸರಿಯಾದ ಕೋಣೆ ಎಂದು ಹಟ ಹಿಡಿದೆ. ಹೊಲದ ಬೇವು ಕಡಿಸಿ ತೊಲೆ, ಜಂತಿ ಮಾಡಿಸಿದೆವು. ಬಾಗಿಲೂ ಬೇವಿನದೇ, ಒಂದು ಗೆರೆ ಕೆತ್ತನೆಯಿಲ್ಲ. ಬಿಳಿ ಮಣ್ಣು ಹೊದಿಸಿ ಬಡಿದಮೇಲೆ ನಾನು ಕೊಡ ಕೊಡ ನೀರು ತರಿಸಿ ಮಾಳಿಗೆ ಮೇಲೆ ಸುರಿಸಿದೆ. ಅತ್ತೆ ಕೆಳಗೆ ಮೋರೆ ಮೇಲೆತ್ತಿ ಕೂತಿದ್ದರು. "ಒಂದ್ ಹನಿ ಬಿತ್ತು ನೋಡ್, ಮೂಗಿನ ಮ್ಯಾಲ!" ಎಂದು ಕೂಗಿದರೆ ಗೌಂಡಿ ಗೊಣಗುತ್ತ ಮತ್ತೆ ಹತ್ತಿ ಬಡಿಯುತ್ತಿದ್ದ. "ಮುಗೀತ್ರಿ ಇನ್ನ," ಎಂದ. ಅತ್ತೆಯ ಮೂಗು ಒಣಗುವವರೆಗೆ ಮುಗಿಯುವುದಿಲ್ಲ ಎಂದೆ.

ಮಗಳು ಜಡಿಮಳೆಯಲ್ಲಿ ಹುಟ್ಟಿದಳು. ಕೋಣೆ ಸೋರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿದವರು ನಾವು, ಆ ಕಾಲು ನೆನೆಯಲಿಲ್ಲ. ಒಂದು ಕೋಣೆಯ ಸಾಹುಕಾರರು ಎಂದು ಭಾವನವರು ಬೀದರಿನಲ್ಲಿ ಆಡಿಕೊಂಡರಂತೆ.

ಮಳೆ ಹಿಂದಾದಮೇಲೆ ಖಾಲಾ, ಗಂಡನ ಜೊತೆ ಬಂದಳು. ಸುದ್ದಿ ತಿಳಿದು ಕೂಸನ್ನೆತ್ತಿಕೊಂಡು ಓಡಿದೆ. ಬಾಗಿಲಿನ ಕೀಲಿ ತೆಗೆದು ಒಳಗೆ ಕಾಲಿಟ್ಟವಳು ಗೋಡೆ ನೋಡಿದಳು, ಮೇಲೆ ನೋಡಿದಳು.

"ಬಾಗಿಲ್ ಆದ. ಮನಿ ಎಲ್ಲಿ ಆದ ಬೇಟಾ?"

ಇಡೀ ಊರಿನ ಮೇಲೆ ಸಿಟ್ಟು ಬಂತು. "ನಮ್ಮ ಮನಿಗಿ ನಡೀರಿ. ಒಂದೇ ಕೋಣಿ ಅದ, ಸೋರಂಗಿಲ್ಲ," ಎಂದೆ.

ಅವರ ಮಾಳಿಗೆ ಏಳುವವರೆಗೆ ಇಬ್ಬರೂ ನಮ್ಮ ಆ ಒಂದು ಕೋಣೆಯಲ್ಲಿದ್ದರು. ಓಣಿ ಬಾಯಿಗೆ ಬಂದಂತೆ ಮಾತಾಡಿತು. ನಾನೂ ಬಾಯಿಗೆ ಬಂದಂತೆಯೇ ಉತ್ತರ ಕೊಟ್ಟೆ. ಭಾವನವರು ಹೇಳಿದಂತೆ ಕಟ್ಟಿದ್ದರೆ ಖಾಲಾ ತನ್ನದೇ ಹೊಸ್ತಿಲು ದಾಟಿ ನಮ್ಮ ಮನೆಯೊಳಗೆ ಬರಬೇಕಾಗುತ್ತಿತ್ತು. ಬಾ ಎನ್ನುವ ಬಾಯಿ ನನಗೆಲ್ಲಿರುತ್ತಿತ್ತು?