ದಣಿಯುವ ಮೊದಲೇ ಕೂರಬೇಕು

ರೇಣುಕಾದೇವಿ ಸರಕಾರಿ ನರ್ಸ್ ಆಗಿ ಸೇರಿದ್ದು 1997ರಲ್ಲಿ, ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ. ಗಂಗಾವತಿ ತಾಲ್ಲೂಕಿನ ಕಾಲುವೆ ಸೀಮೆಯಲ್ಲಿ ನಾಲ್ಕು ಹಳ್ಳಿ, ಆಂಧ್ರದಿಂದ ಬಂದು ನೆಲೆಸಿದ ರೈತರ ಎರಡು ಕ್ಯಾಂಪು ಅವಳ ಪಾಲಿಗೆ ಬಂದವು. ಗಂಡ ತಿರುಮಲೇಶ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಅವನು ತಾಯಿ ಕಸ್ತೂರೆಮ್ಮನೊಂದಿಗೆ ಅಲ್ಲಿಯ ಕ್ವಾರ್ಟರ್ಸಿನಲ್ಲಿದ್ದ. ಮರುವರ್ಷ ಹುಟ್ಟಿದ ಮಗಳು ಹೇಮಾಳನ್ನು ಕಟ್ಟಿಕೊಂಡು ಇವಳು ಹಳ್ಳಿಯ ಆರೋಗ್ಯ ಉಪಕೇಂದ್ರದ ಒಂದು ಕೋಣೆಯಲ್ಲಿದ್ದಳು. ಶನಿವಾರ ಸಂಜೆ ಅವನು ಬರುತ್ತಿದ್ದ, ಸೋಮವಾರ ಬೆಳಿಗ್ಗೆ ಹೋಗುತ್ತಿದ್ದ.

ಅವಳ ನಡಿಗೆಯ ವೇಗಕ್ಕೆ ಜನ ನಗುತ್ತಿದ್ದರು. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಗದ್ದೆಯ ಬದುವಿನ ಮೇಲೆ ಅವಳು ಹೊರಟರೆ ಹಿಂದೆ ಬರುವ ಅಂಗನವಾಡಿಯವಳು ಓಡಬೇಕಾಗುತ್ತಿತ್ತು. ಕೆಲಸಗಳ್ಳರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

2003ರಲ್ಲಿ ದುರುಗವ್ವ ಎಂಬ ಕೂಲಿ ಹೆಂಗಸು ಉಪಕೇಂದ್ರಕ್ಕೆ ಬಂದಳು. ನಲವತ್ತರ ಆಸುಪಾಸು. ಭತ್ತದ ಸಸಿ ಹಚ್ಚುವುದರಲ್ಲಿ ಸುತ್ತಿನ ಊರುಗಳಿಗೇ ಮುಂದಿದ್ದವಳು.

“ಜ್ವರ ಹೋಗಿ ಎಂಟು ತಿಂಗಳಾತ್ರಿ ಅಕ್ಕಾರ. ಆದ್ರ ಜೀವ ತಿರುಗಿ ಬರವಲ್ದು. ಒಂದಿನ ಸಸಿ ಹಚ್ಚಿದ್ರ ಮೂರು ದಿನ ಏಳಾಕ ಆಗಂಗಿಲ್ಲ.”

ರೇಣುಕಾದೇವಿ ಅವಳ ಕಣ್ಣು ನೋಡಿದಳು, ಬಿಪಿ ನೋಡಿದಳು, ದೊಡ್ಡ ಆಸ್ಪತ್ರೆಗೆ ಕಳಿಸಿ ರಕ್ತ ಪರೀಕ್ಷೆ ಮಾಡಿಸಿದಳು. ಎಲ್ಲವೂ ಸರಿಯಿತ್ತು.

“ನಿನಗೇನೂ ಆಗಿಲ್ಲ ದುರುಗವ್ವ. ಮಕ್ಕೊಂಡಷ್ಟೂ ಮೈ ಜಡ ಆಕ್ಕೈತಿ. ಕೆಲಸಕ್ಕ ಹೋಗು, ತಾನs ಹೋಗತೈತಿ.”

ಬಾಗಿಲ ಹೊರಗೆ ದುರುಗವ್ವನ ಕೂಲಿ ಗುಂಪಿನ ಮುಂದಾಳು ಹುಲಿಗವ್ವ ನಿಂತು ಕೇಳಿಸಿಕೊಳ್ಳುತ್ತಿದ್ದಳು. “ನಾ ಹೇಳಿದ್ನೆಲ್ಲೋ! ಮೈಗಳ್ಳಿ ಇಕಿ” ಎಂದಳು. ದುರುಗವ್ವ ತಲೆತಗ್ಗಿಸಿ ಹೋದಳು. ರೇಣುಕಾದೇವಿ ಮುಂದಿನವರನ್ನು ಕರೆದಳು. ಅವಳ ಮನಸ್ಸಿನಲ್ಲಿದ್ದ ಮಾತೂ ಅದೇ ಆಗಿತ್ತು.

2006ರ ಬೇಸಿಗೆ ಕಳೆಯುವಷ್ಟರಲ್ಲಿ ಚಿಕೂನ್‌ಗುನ್ಯಾ ಬಂತು. ಮನೆಮನೆಯಲ್ಲಿ ಜನ ಮಂಡಿ ಹಿಡಿದುಕೊಂಡು ತೆವಳಿದರು. ರೇಣುಕಾದೇವಿ ಒಂದು ತಿಂಗಳು ಓಣಿ ಓಣಿ ತಿರುಗಿ, ನೀರಿನ ಹಂಡೆ ಬೋರಲು ಹಾಕಿಸಿ, ಗುಳಿಗೆ ಹಂಚಿ, ಕೊನೆಗೆ ತಾನೇ ಮಲಗಿದಳು. ಐದು ದಿನಕ್ಕೆ ಜ್ವರ ಇಳಿಯಿತು. ಎರಡು ತಿಂಗಳಿಗೆ ಕೀಲುನೋವೂ ಕಡಿಮೆಯಾಯಿತು. ಊರಿನವರೆಲ್ಲ ಎದ್ದು ಓಡಾಡಿದರು. ಅವಳಿಗೆ ಮಾತ್ರ ಏನೋ ಉಳಿದುಕೊಂಡಿತು.

ಅದನ್ನು ಹೇಗೆ ಹೇಳಬೇಕೆಂದೇ ಅವಳಿಗೆ ತಿಳಿಯಲಿಲ್ಲ. ರಾತ್ರಿಯಿಡೀ ನಿದ್ದೆ ಮಾಡಿದರೂ ಕಲ್ಲು ಹೊತ್ತವರ ಹಾಗೆ ಏಳುತ್ತಿದ್ದಳು. ಒಂದು ದಿನ ಹೇಗೋ ಹಟ ಹಿಡಿದು ಎರಡು ಹಳ್ಳಿ ಮುಗಿಸಿದರೆ ಅಂದು ಏನೂ ಆಗುತ್ತಿರಲಿಲ್ಲ. ಮರುದಿನ, ಇಲ್ಲವೇ ಅದರ ಮರುದಿನ, ಕೈ ಎತ್ತಿ ಸೆರಗು ಸರಿಮಾಡಿಕೊಳ್ಳಲೂ ಆಗುತ್ತಿರಲಿಲ್ಲ. ಬೆಳಕು ಚುಚ್ಚುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದು ಕಳೆದುಹೋಗುತ್ತಿತ್ತು. ಆದರೂ ತಾನೇ ದುರುಗವ್ವನಿಗೆ ಹೇಳಿದ ಮಾತನ್ನು ತನಗೂ ಹೇಳಿಕೊಂಡು ಕೆಲಸಕ್ಕೆ ಹೋದಳು.

ನವೆಂಬರಿನ ಒಂದು ಗುರುವಾರ ಅಂಗನವಾಡಿಯಲ್ಲಿ ಲಸಿಕೆ ಹಾಕುತ್ತಿದ್ದಳು. ಶಾಹಜಾದಬಿ ಎಂಬ ತಾಯಿ ಒಂಬತ್ತು ತಿಂಗಳ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ರೇಣುಕಾದೇವಿ ಸಿರಿಂಜಿಗೆ ಔಷಧಿ ಎಳೆದು ಕೂಸಿನ ಕಡೆಗೆ ಬಾಗಿದಳು. ಶಾಹಜಾದಬಿ ತಟ್ಟನೆ ಮಗುವನ್ನು ಎದೆಗೆ ಎಳೆದುಕೊಂಡಳು.

“ಅಕ್ಕಾರ, ಈಗರ ಹಾಕಿದ್ರೆಲ್ಲಾ? ಮತ್ಯಾಕ ಚುಚ್ಚಾಕ ಹತ್ತೀರಿ?”

ಕೂಸಿನ ತೋಳಿನ ಮೇಲೆ ಹತ್ತಿಯ ಉಂಡೆ ಇನ್ನೂ ಒದ್ದೆಯಾಗಿಯೇ ಇತ್ತು. ಅದನ್ನು ಇಟ್ಟವಳು ತಾನೇ. ಆದರೆ ನೆನಪಿರಲಿಲ್ಲ. ರೇಣುಕಾದೇವಿ ಸಿರಿಂಜನ್ನು ತಟ್ಟೆಗಿಟ್ಟು ನೆಲದ ಮೇಲೆ ಕುಳಿತುಬಿಟ್ಟಳು. ಅಂದೇ ರಜೆಯ ಅರ್ಜಿ ಬರೆದಳು. ಅರ್ಧ ಪುಟದ ಅರ್ಜಿ ಬರೆಯಲು ಮೂರು ಸಲ ಪೆನ್ನು ಕೆಳಗಿಡಬೇಕಾಯಿತು.

ಮುನಿರಾಬಾದಿನ ಕ್ವಾರ್ಟರ್ಸಿನಲ್ಲಿ ಅವಳು ಹಾಸಿಗೆ ಹಿಡಿದಳು. ಹೊಸಪೇಟೆ, ಬಳ್ಳಾರಿ ಎಂದು ತಿರುಮಲೇಶ ಕರೆದುಕೊಂಡು ಓಡಾಡಿದ. ಥೈರಾಯಿಡ್, ಸಕ್ಕರೆ, ಹೃದಯ, ಎಲ್ಲ ತಪಾಸಣೆಯೂ ಸರಿ. ಒಬ್ಬ ವೈದ್ಯರು, ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ, ದಿನಾ ಬೆಳಿಗ್ಗೆ ಒಂದು ತಾಸು ನಡೆಸಿ ಎಂದರು. ಅವನು ಹಾಗೆಯೇ ಡ್ಯಾಮಿನ ರಸ್ತೆಯಲ್ಲಿ ನಡೆಸಿದ. ನಾಲ್ಕನೆಯ ದಿನ ಅವಳು ರಸ್ತೆಯ ಪಕ್ಕ ಕುಳಿತಳು. ಆಟೋದಲ್ಲಿ ಮನೆಗೆ ತಂದ ಮೇಲೆ ಒಂದೂವರೆ ತಿಂಗಳು ಬಚ್ಚಲಿಗೂ ಗೋಡೆ ಹಿಡಿದೇ ಹೋಗಬೇಕಾಯಿತು.

ಕಸ್ತೂರೆಮ್ಮ ಹತ್ತಿರದ ಹುಲಿಗಿಯ ದೇವಿ ಹುಲಿಗೆಮ್ಮನಿಗೆ ಬೇಡಿಕೊಂಡಳು. ಹುಣ್ಣಿಮೆಯ ದಿನ ಸೊಸೆಯನ್ನು ಹುಲಿಗಿಗೆ ಕರೆದೊಯ್ದಳು. ದರ್ಶನದ ಪಾಳಿಯಲ್ಲಿ ಎರಡು ತಾಸು ನಿಂತು ಬಂದ ಮೇಲೆ ರೇಣುಕಾದೇವಿ ಮತ್ತೆ ಮಲಗಿದಳು. ಮುದುಕಿ ಅತ್ತಳು. “ನಾ ಛಲೋ ಆಗಲಿ ಅಂತs ಒಯ್ದೆನವ್ವಾ” ಎಂದು ಸೊಸೆಯ ಪಾದ ತಿಕ್ಕುತ್ತ ಕುಳಿತಳು. ಮನೆಯಲ್ಲಿ ಒಮ್ಮೆಯೂ ಸಿಟ್ಟಾಗದವಳು ಅವಳೊಬ್ಬಳೇ.

ತಿರುಮಲೇಶ ಒಳ್ಳೆಯವನು, ಆದರೆ ಕಾಗದವನ್ನು ನಂಬುವವನು. ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ತಾನೇ ಅನ್ನಕ್ಕಿಡಬೇಕಾಯಿತು. ರಿಪೋರ್ಟುಗಳ ಕಟ್ಟನ್ನು ತಂದು ಅವಳ ಪಕ್ಕದಲ್ಲಿ ಹಾಕಿದ.

“ಇಷ್ಟೂ ಛಲೋ ಬಂದಾವು. ಏನೂ ಇಲ್ಲ ಅಂತ ಐದು ಮಂದಿ ಡಾಕ್ಟರು ಬರದಾರ. ನೀ ಯಾಕ ಏಳವಲ್ಲಿ?”

“ಹಿಂಗs ಮಕ್ಕೊಂಡಿರಾಕ ನನಗ ಖುಷಿ ಐತಿ ಅಂತ ತಿಳಿದೀರೇನು?”

ಅವನು ಅನ್ನ ಬಡಿಸಿಕೊಂಡು ಅಡುಗೆಮನೆಯಲ್ಲೇ ಗೋಡೆಗೆ ಮುಖ ಮಾಡಿ ಉಂಡ.

ಅವಳನ್ನು ಹೆಚ್ಚು ನೋಯಿಸಿದ್ದು ಹೇಮಾಳ ಜಡೆ. ಶಾಲೆಯಲ್ಲಿ ಎರಡು ಜಡೆ ಕಡ್ಡಾಯ. ಮಗಳ ಕೂದಲು ಸೊಂಟದವರೆಗಿತ್ತು. ಒಂದು ಜಡೆ ಮುಗಿಯುವಷ್ಟರಲ್ಲಿ ರೇಣುಕಾದೇವಿಯ ತೋಳು ನಡುಗಿ ಕೆಳಗೆ ಬೀಳುತ್ತಿತ್ತು. ಅಜ್ಜಿಯ ಕಣ್ಣಿಗೆ ಪೊರೆ. ಅರ್ಧ ಹೆಣೆದ ತಲೆಯಲ್ಲಿ ಹೋಗಿ ಹುಡುಗಿ ಎರಡು ಸಲ ತರಗತಿಯ ಬಾಗಿಲ ಹೊರಗೆ ನಿಂತಳು. ಮೂರನೆಯ ಸಲ ಅಪ್ಪನ ಜೊತೆ ಕ್ಷೌರದ ಅಂಗಡಿಗೆ ಹೋಗಿ ಹುಡುಗರ ಹಾಗೆ ಕತ್ತರಿಸಿಕೊಂಡು ಬಂದಳು.

“ಈಗ ನಿನಗ ತ್ರಾಸಿಲ್ಲ” ಎಂದಳು. ಒಂಬತ್ತು ವರ್ಷದ ಮಗುವಿನ ದನಿಯಲ್ಲಿ ಅಕ್ಕರೆಗಿಂತ ಸೇಡೇ ಹೆಚ್ಚಿತ್ತು. ಗೆಳತಿಯರು ಕೇಳಿದರೆ ಅವ್ವ ಹಳ್ಳಿಯಲ್ಲಿ ಡ್ಯೂಟಿಗೆ ಹೋಗಿದ್ದಾಳೆ ಎನ್ನುತ್ತಿದ್ದಳಂತೆ.

2008ರ ಕೊನೆಗೆ ಹುಬ್ಬಳ್ಳಿಯ ಒಬ್ಬ ವಯಸ್ಸಾದ ವೈದ್ಯೆ ಅವಳ ಮಾತನ್ನು ಮುಕ್ಕಾಲು ತಾಸು ಕೇಳಿದರು. ಇದಕ್ಕೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎನ್ನುತ್ತಾರೆ, ಜ್ವರದ ಬೆನ್ನಿಗೆ ಕೆಲವರಿಗೆ ಬರುತ್ತದೆ, ರಕ್ತದಲ್ಲಿ ಕಾಣುವುದಿಲ್ಲ, ವಾಸಿ ಮಾಡುವ ಔಷಧಿ ಇಲ್ಲ ಎಂದರು. ಔಷಧಿ ಇಲ್ಲವೆಂದ ವೈದ್ಯೆಯ ಮುಂದೆ ಅವಳು ಸಮಾಧಾನದಿಂದ ಅತ್ತಳು. ಹೊರಗೆ ಬಂದು ತಿರುಮಲೇಶ ಆ ಹೆಸರನ್ನು ಚೀಟಿಯಲ್ಲಿ ನಾಲ್ಕು ಸಲ ಓದಿಕೊಂಡ. ಕಾಗದದ ಮೇಲೆ ಬಂದದ್ದನ್ನು ಅವನು ನಂಬಿದ. “ತಪ್ಪಾತು” ಎಂದ.

ಶಕ್ತಿ ಮೀರಿ ಏನೂ ಮಾಡಬಾರದು ಎಂದು ವೈದ್ಯೆ ಹೇಳಿದ್ದರು. ಆದರೆ ಮೀರುವ ಗೆರೆ ಎಲ್ಲಿದೆ ಎಂದು ಗೊತ್ತಾಗುವುದು ಹೇಗೆ? ಅದನ್ನು ಕಲಿಸಿದವಳು ದುರುಗವ್ವ.

ಮುಂದಿನ ಹುಣ್ಣಿಮೆಗೆ ಹುಲಿಗಿಗೆ ಬಂದಿದ್ದ ದುರುಗವ್ವ ಕ್ವಾರ್ಟರ್ಸ್ ಹುಡುಕಿಕೊಂಡು ಬಂದಳು. ಐದು ವರ್ಷದಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಳು. ಹೊಸಿಲಲ್ಲೇ ಕುಳಿತು ಹಾಸಿಗೆಯಲ್ಲಿದ್ದ ರೇಣುಕಾದೇವಿಯನ್ನು ಬಹಳ ಹೊತ್ತು ನೋಡಿದಳು.

“ಊರಾಗ ಅಂದ್ರು, ನರ್ಸಮ್ಮ ಮೈಗಳ್ಳತನ ಮಾಡ್ಯಾಳ ಅಂತ. ಅದs ಮಾತು ಕೇಳಿ ನಿಮ್ಮನ್ನ ನೋಡಬೇಕು ಅನಿಸ್ತು.”

“ಅವತ್ತು ನಾ ನಿನ್ನ ನಂಬಲಿಲ್ಲ ದುರುಗವ್ವ.”

“ಇಲ್ಲ, ನಂಬಲಿಲ್ಲ.” ಅವಳು ಅದನ್ನು ಹಗುರ ಮಾಡುವ ಮಾತೇನೂ ಆಡಲಿಲ್ಲ. “ನಿಮ್ಮ ಮಾತು ಕೇಳಿ ಹುಲಿಗವ್ವ ನನ್ನ ಗುಂಪಿನಿಂದ ತಗದ್ಲು. ಎರಡು ವರ್ಷ ಯಾರೂ ಕರೀಲಿಲ್ಲ.”

“ಮತ್ತ ಹೆಂಗ ಬದುಕಿದಿ?”

“ಬೀಗರ ಊರಾಗ ಉಳ್ಳಾಗಡ್ಡಿ ಹೆಚ್ಚೂ ಕೆಲಸ ಸಿಕ್ತು. ಕುಂತು ಮಾಡೂದು. ನೋಡ್ರಿ ಅಕ್ಕಾರ, ದಣಿದ ಮ್ಯಾಲೆ ಕುಂತ್ರ ಏನೂ ಉಪಯೋಗಿಲ್ಲ. ದಣಿಯೂಕಿಂತ ಮೊದಲs ಕುಂದರಬೇಕು. ಇನ್ನೊಂದೀಟು ಆಕ್ಕೈತಿ ಅನಸ್ತೈತೆಲ್ಲಾ, ಅವಾಗs ಬಿಡಬೇಕು. ಛಲೋ ಇದ್ದ ದಿನಾನs ನಮ್ಮ ವೈರಿ.”

ಬಸ್ಸಿಗೆ ಹೊತ್ತಾಯಿತೆಂದು ಅವಳು ಎದ್ದಳು. ಬಾಗಿಲಲ್ಲಿ ತಿರುಗಿ ನಿಂತು, “ನಿಮಗ ರಜಾ ಐತಿ, ಪಗಾರ ಐತಿ. ಮಕ್ಕೋರಿ. ನನಗ ಹಂಗ ಮಕ್ಕೊಳಾಕ ಸಿಕ್ಕಿದ್ರ ಇಷ್ಟೊತ್ತಿಗೆ ಎದ್ದಿರ್ತಿದ್ದೆ” ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಅದಕ್ಕೇ ರೇಣುಕಾದೇವಿಗೆ ಇನ್ನೂ ಉರಿಯಿತು.

ಅಂದಿನಿಂದ ಅವಳು ಹಟ ಬಿಟ್ಟಳು. ತಿರುಮಲೇಶ ಅಡುಗೆಮನೆಗೆ ಎತ್ತರದ ಸ್ಟೂಲು ಮಾಡಿಸಿದ. ಚಹಾ ಕುದಿಸಿ ಮಲಗುವುದು, ಎದ್ದು ಎರಡು ರೊಟ್ಟಿ ಬಡಿದು ಮತ್ತೆ ಮಲಗುವುದು. ಮೂರನೆಯ ರೊಟ್ಟಿಗೆ ಕೈ ಹೋದರೆ ಕಸ್ತೂರೆಮ್ಮ ಹಿಟ್ಟು ನಾದುವ ಕೊಣಮಿಗೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಆರು ತಿಂಗಳು ಏನೂ ಬದಲಾದಂತೆ ಕಾಣಲಿಲ್ಲ. ಆಮೇಲೆ ಬಿದ್ದು ಮಲಗುವ ದಿನಗಳ ನಡುವೆ ಅಂತರ ಬೆಳೆಯಿತು. ಒಂದು ದಿನ ದಿನಪತ್ರಿಕೆಯ ಒಂದು ಪುಟವನ್ನು ಓದಿ, ಓದಿದ್ದು ನೆನಪಿದೆ ಎಂದು ಗೊತ್ತಾಗಿ, ಮತ್ತೊಮ್ಮೆ ಓದಿದಳು. ಮುಂದಿನ ವರ್ಷ ಬೀದಿಯ ಕೊನೆಯ ಬೇವಿನ ಮರದವರೆಗೆ ಹೋಗಿ ಬಂದಳು.

2011ರಲ್ಲಿ ಮತ್ತೆ ಕೆಲಸಕ್ಕೆ ಸೇರಿದಳು. ಈಗ ಹಳ್ಳಿ ತಿರುಗುವ ಕೆಲಸವಲ್ಲ. ಕುಷ್ಟಗಿ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ಫ್ರಿಜ್ಜುಗಳನ್ನು ನೋಡಿಕೊಳ್ಳುವುದು, ಕುಳಿತು ಮಾಡುವಂಥದು. ಮಧ್ಯಾಹ್ನ ಅರ್ಧ ತಾಸು ಚಾಪೆ ಹಾಸಿ ಮಲಗುತ್ತಿದ್ದಳು. ಸಹೋದ್ಯೋಗಿಗಳು ಅದಕ್ಕೊಂದು ಅಡ್ಡಹೆಸರಿಟ್ಟರು. ಅವಳು ಕೇಳಿಸದವಳಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮೊದಲಿನ ಶಕ್ತಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮರಳಿತ್ತು. ಉಳಿದದ್ದು ಬರಲೇ ಇಲ್ಲ.

ಸೇರಿದ ವರ್ಷವೇ ದುರುಗವ್ವನನ್ನು ಹುಡುಕಿಕೊಂಡು ಯಲಬುರ್ಗಾದ ಕಡೆಯ ಅವಳ ಮಗಳ ಊರಿಗೆ ಹೋದಳು. ದುರುಗವ್ವ ಗೋಡೆಗೆ ಒರಗಿ ಕುಳಿತಿದ್ದಳು. ಗುಣವಾಗಿರಲಿಲ್ಲ. ಹುಬ್ಬಳ್ಳಿಗೆ ಕರೆದೊಯ್ಯುತ್ತೇನೆಂದರೆ, “ಹೋಗಿ ಬಂದ್ರ ಹದಿನೈದು ದಿನ ಬೀಳ್ತೀನ್ರಿ” ಎಂದು ನಕ್ಕಳು. ಅಂಗವಿಕಲರ ಪಿಂಚಣಿಗೆ ರೇಣುಕಾದೇವಿ ಅರ್ಜಿ ಬರೆದಳು. ಪರೀಕ್ಷೆಯಲ್ಲಿ ಏನೂ ಕಂಡುಬರುವುದಿಲ್ಲ ಎಂದು ಅದು ತಿರುಗಿ ಬಂತು. ಇನ್ನೊಮ್ಮೆ ಬರೆದಳು. ಅದೂ ತಿರುಗಿ ಬಂತು. ಎರಡು ವರ್ಷಕ್ಕೆ ದುರುಗವ್ವ ತೀರಿಕೊಂಡಳು, ಅದೂ ಬೇರೆ ಯಾವುದೋ ಜ್ವರಕ್ಕೆ. ಸುದ್ದಿ ತಲುಪಿದ್ದು ದಿನಕರ್ಮಗಳೆಲ್ಲ ಮುಗಿದ ಮೇಲೆ.

2021ರ ಮೇ ತಿಂಗಳಲ್ಲಿ ರೇಣುಕಾದೇವಿಗೆ ಕೊರೊನಾ ಬಂತು. ಉಸಿರಿಗೇನೂ ತೊಂದರೆಯಾಗಲಿಲ್ಲ. ಹತ್ತು ದಿನಕ್ಕೆ ಪರೀಕ್ಷೆ ನೆಗೆಟಿವ್ ಬಂತು. ಆದರೆ ಹನ್ನೊಂದನೆಯ ದಿನ ಎದ್ದು ಕುಳಿತಾಗ ಆ ಹಳೆಯ ಭಾರ ತೊಡೆಯೊಳಗೆ ಇಳಿಯುತ್ತಿರುವುದು ಗೊತ್ತಾಯಿತು. ಅವಳು ಹೆದರಿದಳು. ಮೂರು ಸಾಲಿನ ಪತ್ರ ಬರೆಸಿ, ರಜೆ ಕೇಳಿ, ಪರದೆ ಎಳೆದು ಮಲಗಿದಳು. ಲಸಿಕೆಗಾಗಿ ಜನ ಮುಗಿಬೀಳುತ್ತಿದ್ದ ಕಾಲ ಅದು. ಕಚೇರಿಯಿಂದ ದಿನಕ್ಕೊಂದು ಫೋನು ಬರತೊಡಗಿತು. ಆಮೇಲೆ ನೋಟಿಸು ಬಂತು.

ಆಗ ಹೇಮಾ ಬಿ.ಎಡ್. ಮುಗಿಸಿ ಮನೆಯಲ್ಲಿದ್ದಳು. ಒಂದು ಬೆಳಿಗ್ಗೆ ಮೇಲಧಿಕಾರಿಯದೇ ಫೋನು. ಅವಳು ಮೊಬೈಲು ಹಿಡಿದು ಪಡಸಾಲೆಗೆ ಹೋದಳು. ಒಳಗಿನಿಂದ ರೇಣುಕಾದೇವಿಗೆ ಮಗಳ ದನಿ ಕೇಳುತ್ತಿತ್ತು.

“ಹೌದ್ರಿ, ನೆಗೆಟಿವ್ ಐತಿ... ಗೊತ್ತೈತ್ರಿ ಸರ್... ಇಲ್ರಿ, ಎಬ್ಬಸಂಗಿಲ್ಲ.” ಆ ಕಡೆಯ ಮಾತು ಮುಗಿಯುವವರೆಗೆ ಕೇಳಿಸಿಕೊಂಡಳು. “ಒಂದ್ಸಲ ಹಿಂಗs ಎಬ್ಬಿಸಿ ನಡಸಿದ್ವಿ ಸರ್. ನಾಕು ವರ್ಷ ಹೋತು. ಏನು ಬರೀತೀರೋ ಬರೀರಿ.”

ಫೋನು ಇಟ್ಟು ಹೇಮಾ ಒಳಗೆ ಬಂದಳು. ಅವ್ವ ಎಚ್ಚರವಿದ್ದಾಳೆಂದು ಕಂಡಿತು. ಪರದೆಯ ಸಂದಿನಿಂದ ಮುಖದ ಮೇಲೆ ಬೀಳುತ್ತಿದ್ದ ಬಿಸಿಲಿಗೆ ಒಂದು ಟವೆಲು ಸಿಕ್ಕಿಸಿ ಬಾಗಿಲು ಮುಂದೆ ಮಾಡಿಕೊಂಡು ಹೋದಳು. ಒಂಬತ್ತು ವಾರದ ಮೇಲೆ ರೇಣುಕಾದೇವಿ ಕೆಲಸಕ್ಕೆ ಮರಳಿದಳು.